ಹಾಜರಾತಿ ಇಲ್ಲದ ವಿಶ್ವವಿದ್ಯಾಲಯ

ಪ್ರತಿ ತಿಂಗಳ ಮೊದಲ ಶನಿವಾರ ಬೆಳಗ್ಗೆ ಹತ್ತಕ್ಕೆ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಕರ್ನಾಟಕದ ಹುಡುಗ ಹುಡುಗಿಯರಿಗೆ ಜರ್ಮನಿಯಲ್ಲಿ ಓದುವುದು ಹೇಗೆ ಎಂದು ಹೇಳುತ್ತೇನೆ. ಇಲ್ಲಿನ ಕನ್ನಡ ಬಳಗದವರು ಎಂಟು ವರ್ಷದ ಹಿಂದೆ 'ಒಂದೇ ಒಂದು ಸಲ ಮಾತಾಡಿ' ಎಂದು ಕರೆದಿದ್ದರು. ಆ ಒಂದು ಸಲ ಇನ್ನೂ ಮುಗಿದಿಲ್ಲ. ವಾರವಿಡೀ ನಾನಿರುವ ಕಾರ್ಲ್ಸ್‌ರುಹೆಯಿಂದ ಎಸ್-ಬಾನ್ ಎಂಬ ಲೋಕಲ್ ರೈಲು ಹಿಡಿದು, ಇಳಿದು, ಬಸ್ಸು ಹತ್ತಿ ಸೇಂಟ್ ಲಿಯೋನ್-ರೋಟ್‌ನ ಆಫೀಸಿಗೆ ಹೋಗಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಬರುವವಳಿಗೆ ಶನಿವಾರ ಎದ್ದು ತಲೆ ಬಾಚಿಕೊಳ್ಳುವುದೇ ಒಂದು ಕೆಲಸ. ನನ್ನ ಜೊತೆ ಸ್ಟುಟ್‌ಗಾರ್ಟ್‌ನಿಂದ ಇನ್ನೊಬ್ಬ ಕೂರುತ್ತಾನೆ. ಶಿವಮೊಗ್ಗದ ಕಡೆಯ ಮುಸ್ಲಿಂ ಹುಡುಗ, ಕಾರಿನ ಬ್ರೇಕ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಹುಡುಗ ಎಂದರೂ ಅವನಿಗೀಗ ಮೂವತ್ತೈದು. ಪ್ರತಿ ಸಲ ಶುರುವಾಗುವ ಮುಂಚೆ, 'ಅಕ್ಕಾ, ಜ್ಯೋತಿಷ್ಯಾಲಯ ಓಪನ್ ಮಾಡಣಾ?' ಎನ್ನುತ್ತಾನೆ.

ಕೇಳುವವರು ಬದಲಾದರೂ ಪ್ರಶ್ನೆ ಬದಲಾಗುವುದಿಲ್ಲ. 'ಮೇಡಂ, ನಿಮ್ಮ ಊರಿನ ಯೂನಿವರ್ಸಿಟಿ ಸ್ಪೆಷಾಲಿಟಿ ಏನು?' ದರ್ಶಿನಿಯ ಕೌಂಟರಿನಲ್ಲಿ ಇವತ್ತಿನ ಸ್ಪೆಷಲ್ ಏನು ಎಂದು ವಿಚಾರಿಸಿದ ಹಾಗೆ. ಮೊದಮೊದಲು ಉತ್ಸಾಹದಿಂದ ಹೇಳುತ್ತಿದ್ದೆ. ಈಗ ಬಾಯಿಪಾಠವಾಗಿದೆ. ಇದು ಪೇಟೆಯ ನಡುವಿನ ವಿಶ್ವವಿದ್ಯಾಲಯ. ಇದಕ್ಕೆ ಕಾಂಪೌಂಡು ಇಲ್ಲ, ಗೇಟಿಲ್ಲ, ಗೇಟಿನಲ್ಲಿ ಐಡಿ ಕಾರ್ಡ್ ಕೇಳುವ ವಾಚ್‌ಮನ್ ಇಲ್ಲ. ಟ್ರಾಮಿನಿಂದ ಇಳಿದು ರಸ್ತೆ ದಾಟಿದರೆ ನೀವು ಆಗಲೇ ಒಳಗಿದ್ದೀರಿ. ಒಂದು ಪಕ್ಕದಲ್ಲಿ ಅರಮನೆಯ ಪಾರ್ಕು, ಇನ್ನೊಂದು ಪಕ್ಕದಲ್ಲಿ ಅಂಗಡಿಬೀದಿ. ದೊಡ್ಡ ದೊಡ್ಡ ಪ್ರಯೋಗಾಲಯಗಳು, ಹೆಸರಾಂತ ಪ್ರೊಫೆಸರುಗಳು, ಅವರು ಪಾಠಕ್ಕೆ ಸೈಕಲ್ಲಿನಲ್ಲಿ ಬರುತ್ತಾರೆ. ಪಾಠ ಮುಗಿದಾಗ ಇಲ್ಲಿಯ ಮಕ್ಕಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಇದನ್ನು ಹೇಳಿದಾಗ ಆಚೆ ಕಡೆ ಎಲ್ಲರೂ ನಗುತ್ತಾರೆ. ಎಂಟು ವರ್ಷದಿಂದ ಅದೇ ಜಾಗದಲ್ಲಿ ನಗುತ್ತಾರೆ.

ಕೊನೆಯ ಸ್ಲೈಡಿನಲ್ಲಿ ಕೆಂಪು ಅಕ್ಷರಗಳಿವೆ. ಇಲ್ಲಿ ಹಾಜರಾತಿ ತೆಗೆದುಕೊಳ್ಳುವುದಿಲ್ಲ. ಕ್ಲಾಸಿಗೆ ಬಂದರೂ ಸರಿ, ಬಿಟ್ಟರೂ ಸರಿ, ಯಾರೂ ಕೇಳುವುದಿಲ್ಲ. ಆದರೆ ಪರೀಕ್ಷೆ ಬರೆಯಬೇಕಾದರೆ ಪ್ರತಿಯೊಂದು ಪೇಪರಿಗೂ ನೀವೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು. ಗಡುವು ದಾಟಿದರೆ ಆ ಸಲ ಪರೀಕ್ಷೆ ಇಲ್ಲ. ನಮ್ಮವರು ಎಡವುವುದು ಇಲ್ಲೇ. ಫೀಸು ಕಟ್ಟಿ ಕ್ಲಾಸಿಗೆ ಬಂದವನ ಹೆಸರು ಪರೀಕ್ಷೆಯ ಪಟ್ಟಿಯಲ್ಲಿ ತಾನಾಗಿ ಬರುತ್ತದೆ ಎನ್ನುವುದರಲ್ಲಿ ನಮ್ಮ ಊರುಗಳಲ್ಲಿ ಯಾರೂ ಅನುಮಾನಪಟ್ಟಿದ್ದಿಲ್ಲ. ಆದ್ದರಿಂದ ಈ ಮಾತನ್ನು ನಾನು ಪ್ರತಿ ಸಲ ಎರಡು ಬಾರಿ ಹೇಳುತ್ತೇನೆ. ಮುಖ ಕಾಣದ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಹೇಳದೆ ಬಿಟ್ಟಿದ್ದು ಒಬ್ಬಳಿಗೆ, ಅವಳು ನಮ್ಮ ಮನೆಯ ಹುಡುಗಿ.

ಅವಳು ನನ್ನ ಗಂಡನ ಅಣ್ಣನ ಮಗಳು. ಭಾವ ಮೈಸೂರಿನಲ್ಲಿ ಪಿಯು ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಆಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಾಡಿದ ಮನುಷ್ಯ. ಮಗಳನ್ನು ಇಷ್ಟು ದೂರ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಎರಡು ವರ್ಷ ಬೇಡ ಎಂದರು. ನಾನೇ ಫೋನಿನಲ್ಲಿ ಗಂಟೆಗಟ್ಟಲೆ ನಮ್ಮ ವಿಶ್ವವಿದ್ಯಾಲಯದ ಗುಣಗಾನ ಮಾಡಿದೆ, ಕೆಂಪು ಅಕ್ಷರದ ಸ್ಲೈಡೊಂದನ್ನು ಬಿಟ್ಟು. ಕೊನೆಗೆ ಒಪ್ಪಿದರು.

'ಸರಿ ಕಣಮ್ಮ, ನೀನಿದೀಯಾ ಅನ್ನೋ ಧೈರ್ಯದ ಮೇಲೆ ಕಳಿಸ್ತೀನಿ. ಆದ್ರೆ ಒಂದು ಮಾತು. ಮೊದಲ್ನೇ ಸೆಮಿಸ್ಟರ್ ಮಾರ್ಕ್ಸ್ ನಾನು ನೋಡ್ಬೇಕು. ಅದು ಸರಿ ಬರ್ಲಿಲ್ವೋ, ವಾಪಸ್ ಬಂದ್ಬಿಡ್ಬೇಕು. ಅವ್ಳಿಗೂ ಹೇಳಿದೀನಿ, ನಿಂಗೂ ಹೇಳ್ತಿದೀನಿ.'

ಅವರು ಒಂದು ಮಾತು ಎಂದರೆ ಒಂದೇ ಮಾತು. ಹುಡುಗಿಗೂ ಅದು ಗೊತ್ತಿತ್ತು. ಅವಳಿಗೆ ಇಪ್ಪತ್ಮೂರು ವರ್ಷ, ತೆಳ್ಳಗೆ, ಮೆತ್ತಗೆ, ಏನು ಮಾಡಬೇಕಾದರೂ ಒಮ್ಮೆ ಕೇಳಿ ಮಾಡುವ ಜಾತಿ. ಸೆಪ್ಟೆಂಬರಿನಲ್ಲಿ ಬಂದಿಳಿದಳು. ಅವಳ ಕೈಗೆ ಒಂದು ಕಾಗದವೂ ಹೋಗದಂತೆ ಎಲ್ಲವನ್ನೂ ನಾನೇ ಮಾಡಿದೆ. ಊರಿನ ಕಚೇರಿಯಲ್ಲಿ ವಿಳಾಸ ದಾಖಲಿಸುವ ಆನ್‌ಮೆಲ್ಡುಂಗ್, ಆರೋಗ್ಯ ವಿಮೆ, ಬ್ಯಾಂಕು, ನಮ್ಮ ಮನೆಯಿಂದ ಮೂರು ಟ್ರಾಮ್ ಸ್ಟಾಪಿನಾಚೆ ಒಬ್ಬ ಮುದುಕಿಯ ಮನೆಯಲ್ಲಿ ಒಂದು ರೂಮು. ಅಧಿಕಾರಿ ಪ್ರಶ್ನೆ ಕೇಳಿದರೆ ಅವಳು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳುತ್ತಿದ್ದೆ. ಅವಳಿಗೆ ಬರುವ ಕಾಗದಪತ್ರಗಳೂ ನನ್ನ ಮೇಜಿನ ಮೇಲೆಯೇ ಬೀಳುತ್ತಿದ್ದವು. ಇದನ್ನೆಲ್ಲ ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಜೊತೆಗೆ ಅವಳಿಗೆ ಕಲಿಸಿಕೊಡುತ್ತ ಕೂರುವುದಕ್ಕಿಂತ ನಾನೇ ಮಾಡಿಬಿಟ್ಟರೆ ಬೇಗ ಮುಗಿಯುತ್ತದೆ ಎಂಬ ಸುಸ್ತಿನ ಲೆಕ್ಕಾಚಾರವೂ ಇತ್ತು.

ಮೊದಲ ವಾರ ಭಾವ, 'ಕಾಲೇಜಿನ ಮೈನ್ ಗೇಟ್ ಮುಂದೆ ನಿಂತು ಒಂದು ಫೋಟೋ ಕಳಿಸು' ಎಂದು ಮಗಳಿಗೆ ಮೆಸೇಜು ಹಾಕಿದರು. ಅವಳು ಅರ್ಧ ದಿನ ಗೇಟು ಹುಡುಕಿ, ಕೊನೆಗೆ ವಿಶ್ವವಿದ್ಯಾಲಯದ ಹೆಸರಿದ್ದ ಟ್ರಾಮ್ ಸ್ಟಾಪಿನ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಳು. ಮೈಸೂರಿನಲ್ಲಿ ಅದಕ್ಕೆ ಫ್ರೇಮು ಹಾಕಿಸಿದರಂತೆ.

ಶನಿವಾರದ ಮಾರ್ಗದರ್ಶನಕ್ಕೆ ಅವಳನ್ನು ಒಮ್ಮೆಯೂ ಕೂರಿಸಲಿಲ್ಲ. ಮನೆಯ ಹುಡುಗಿಗೆ ಅದೆಲ್ಲ ಯಾಕೆ, ನಾನಿಲ್ಲವೇ ಎಂದುಕೊಂಡೆ. ಅವಳು ಒಂದು ಕ್ಲಾಸೂ ತಪ್ಪಿಸಲಿಲ್ಲ. ಮುನ್ನೂರು ಜನರ ಹಾಲಿನಲ್ಲಿ ಮೊದಲ ಸಾಲಿನಲ್ಲಿ ಕೂತು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ನೋಟ್ಸು ತೋರಿಸುತ್ತಿದ್ದಳು. ಮುತ್ತು ಪೋಣಿಸಿದ ಹಾಗೆ ಅಕ್ಷರ. 'ಚಿಕ್ಕಮ್ಮಾ, ಅರ್ಧ ಜನ ಕ್ಲಾಸಿಗೇ ಬರಲ್ಲ ಗೊತ್ತಾ? ಸರ್ ಏನೂ ಅನ್ನಲ್ಲ!' ಎಂದು ಕಣ್ಣರಳಿಸುತ್ತಿದ್ದಳು. ಅವಳ ದೃಷ್ಟಿಯಲ್ಲಿ ಅವರೆಲ್ಲ ಫೇಲಾಗುವವರು.

ಜನವರಿಯಲ್ಲಿ ಒಂದು ಸಂಜೆ ಅವಳ ಫೋನು ಬಂತು. ನಮ್ಮ ಎಸ್-ಬಾನ್ ಅರ್ಧ ಗಂಟೆ ತಡ. ಪ್ಲಾಟ್‌ಫಾರ್ಮಿನ ಚಳಿಯಲ್ಲಿ ನಿಂತು ನಿಂತು ನನ್ನ ಕಾಲು ಮರಗಟ್ಟಿತ್ತು. ಅಂದು ಆಫೀಸಿನಲ್ಲೂ ಮ್ಯಾನೇಜರನಿಂದ ಮಾತು ಕೇಳಿ ತಲೆ ಚಿಟ್ಟು ಹಿಡಿದಿತ್ತು.

'ಚಿಕ್ಕಮ್ಮಾ, ಮುಂದಿನ ತಿಂಗ್ಳು ಎಕ್ಸಾಮ್. ಅದಕ್ಕೆ ನಾನೇನಾದ್ರೂ ಮಾಡ್ಬೇಕಾ? ಏನೋ ಜರ್ಮನ್‌ನಲ್ಲಿ ಮೇಲ್ ಬಂದಿದೆ. ನಿಮಗೆ ಫಾರ್ವರ್ಡ್ ಮಾಡ್ಲಾ?'

'ಏನೂ ಬೇಡಮ್ಮ. ಅವು ಹಾಗೇ ಬರ್ತಾ ಇರ್ತವೆ. ನೀನು ಓದ್ಕೋ ಸಾಕು,' ಎಂದೆ.

ಅಷ್ಟೇ. ನಾಲ್ಕು ಮಾತು. ಆಗ ರೈಲು ಬಂತು, ಫೋನಿಟ್ಟೆ. ಕೆಂಪು ಅಕ್ಷರ ಬರೆದಿಟ್ಟವಳೂ ನಾನೇ, ಏನೂ ಬೇಡ ಎಂದವಳೂ ನಾನೇ. ಆ ಹೊತ್ತಿನಲ್ಲಿ ನನಗೆ ಬೇಕಿದ್ದುದು ಒಂದೇ, ಇನ್ನೊಂದು ಜರ್ಮನ್ ಮೇಲನ್ನು ಓದದೆ ಇರುವುದು. ಹುಡುಗಿ ನನ್ನ ಮಾತಿನಂತೆ ಓದಿಕೊಂಡಳು.

ಫೆಬ್ರುವರಿಯಲ್ಲಿ ಮೊದಲ ಪರೀಕ್ಷೆಯ ದಿನ ಬೆಳಗ್ಗೆ ಒಂಬತ್ತೂಕಾಲಿಗೆ ಮತ್ತೆ ಅವಳ ಫೋನು ಬಂತು. ನಾನು ಮೀಟಿಂಗಿನಲ್ಲಿದ್ದೆ. ಒಂಬತ್ತಕ್ಕೆ ಪರೀಕ್ಷೆ ಶುರುವಾಗಬೇಕಿದ್ದ ಹುಡುಗಿ ಫೋನು ಯಾಕೆ ಮಾಡುತ್ತಾಳೆ? ಹೊರಗೆ ಓಡಿಬಂದು ತೆಗೆದುಕೊಂಡೆ. ಹಿಂದೆ ಟ್ರಾಮಿನ ಗಂಟೆ ಕೇಳಿಸುತ್ತಿತ್ತು.

'ಚಿಕ್ಕಮ್ಮಾ, ನನ್ನ ಹೆಸರು ಲಿಸ್ಟ್‌ನಲ್ಲಿ ಇಲ್ವಂತೆ. ಎರಡು ಸಲ ಹುಡುಕಿದ್ರು. ರಿಜಿಸ್ಟರ್ ಮಾಡಿಲ್ಲ, ಕೂರೋ ಹಾಗಿಲ್ಲ ಅಂದ್ರು. ಸಾರಿ ಅಂತಾನೂ ಅಂದ್ರು.' ಅಳುತ್ತಿರಲಿಲ್ಲ. 'ಚಿಕ್ಕಮ್ಮಾ, ಉಳಿದಿದ್ದು ಮೂರು ಪೇಪರ್‌ಗೂ ರಿಜಿಸ್ಟರ್ ಮಾಡೋ ಡೇಟ್ ಮುಗಿದೋಗಿದೆ. ಈಗ ನೋಡ್ದೆ.'

ಜನವರಿಯ ಆ ಸಂಜೆ ನನಗೆ ಆ ಕ್ಷಣವೇ ನೆನಪಾಯಿತು. ನೆನಪಾಗಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾದೀತು. ಅವಳೂ ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. 'ಅಲ್ಲೇ ಇರು, ಬರ್ತೀನಿ' ಎಂದೆ.

ಮಧ್ಯಾಹ್ನ ಇಬ್ಬರೂ ಪರೀಕ್ಷಾ ಕಚೇರಿಗೆ ಹೋದೆವು. ಹದಿನೇಳು ವರ್ಷ ಈ ದೇಶದಲ್ಲಿದ್ದವಳು, ಇಲ್ಲಿಯ ನಿಯಮ ಮಕ್ಕಳಿಗೆ ಪಾಠ ಮಾಡುವವಳು, ಅಂದು ಆ ಮೇಜಿನ ಮುಂದೆ ಅಪ್ಪಟ ಮೈಸೂರಿನವಳಾಗಿಬಿಟ್ಟೆ. ನಮ್ಮ ಕಾಲೇಜು ಆಫೀಸಿನ ಗುಮಾಸ್ತರ ಮುಂದೆ ಕೈಕಟ್ಟಿ ನಿಂತು, ಸಾರ್ ಒಂದ್ಸಲ ನೋಡಿ ಸಾರ್, ಎನ್ನುವ ರಾಗವನ್ನೇ ಜರ್ಮನ್ ಭಾಷೆಯಲ್ಲಿ ಹಾಡಿದೆ. ಈ ಹುಡುಗಿ ಒಂದು ಕ್ಲಾಸೂ ತಪ್ಪಿಸಿಲ್ಲ, ಪ್ರೊಫೆಸರನ್ನೇ ಕೇಳಿ, ಬೇಕಾದರೆ ನೋಟ್ಸು ನೋಡಿ. ನಿಜವಾಗಿಯೂ ಅವಳ ಚೀಲದಿಂದ ನೋಟ್ಸು ತೆಗೆದು ಮೇಜಿನ ಮೇಲಿಟ್ಟೆ.

ಮೇಜಿನಾಚೆಯವಳು ನನ್ನದೇ ವಯಸ್ಸಿನ ಹೆಂಗಸು. ನೋಟ್ಸನ್ನು ನೋಡಿದಳು, ಚೆನ್ನಾಗಿದೆ ಎಂದಳು. ಹಾಜರಾತಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಸಾವಧಾನವಾಗಿ ತಿಳಿಸಿದಳು. ಆಮೇಲೆ, ನೀವು ಯಾರು ಎಂದು ಕೇಳಿದಳು. ಚಿಕ್ಕಮ್ಮ ಎಂದೆ. ವಿದ್ಯಾರ್ಥಿನಿ ಅವರೇ ಮಾತಾಡಿದರೆ ಒಳ್ಳೆಯದು ಎಂದು ಹುಡುಗಿಯ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಅವಳನ್ನೇ ಕೇಳಿದಳು. ಹುಡುಗಿ ಗಂಟಲು ಸರಿಮಾಡಿಕೊಂಡು, ತಾನು ನೋಂದಾಯಿಸಲಿಲ್ಲ, ಇದರಿಂದ ತಾನು ಫೇಲ್ ಎಂದಾಗುತ್ತದೆಯೇ ಎಂದು ಕೇಳಿದಳು. ಇಲ್ಲ, ನೀನು ಫೇಲಾಗಿಲ್ಲ, ನಿನ್ನ ಒಂದು ಅವಕಾಶವೂ ಹೋಗಿಲ್ಲ, ಬೇಸಿಗೆ ಸೆಮಿಸ್ಟರಿನ ಕೊನೆಗೆ ನಾಲ್ಕನ್ನೂ ಬರೆಯಬಹುದು ಎಂದಳು ಆ ಹೆಂಗಸು. ಕಾಗದದ ಮೇಲೆ ದಿನಾಂಕಗಳನ್ನು ಬರೆದು ಕೊಟ್ಟಳು. ಕೊಟ್ಟಿದ್ದು ನನ್ನ ಕೈಗಲ್ಲ, ಅವಳ ಕೈಗೆ.

ಹೊರಗೆ ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಆ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೇ ಇರಲಿಲ್ಲ, ಅದಕ್ಕೇ ಇನ್ನೂ ಸಿಟ್ಟು. ಫೇಲಾಗಿಲ್ಲವಂತೆ! ನಮ್ಮ ಕಡೆ ಪರೀಕ್ಷೆಗೆ ಬಾರದವನ ಹೆಸರಿನ ಮುಂದೆ ಕನಿಷ್ಠ ಗೈರುಹಾಜರಿ ಎಂದಾದರೂ ಬರೆಯುತ್ತಾರೆ. ಇಲ್ಲಿ ಇಡೀ ಚಳಿಗಾಲ ಮೊದಲ ಸಾಲಿನಲ್ಲಿ ಕೂತವಳ ಸುದ್ದಿಯೇ ಯಾವ ಕಾಗದದಲ್ಲೂ ಇಲ್ಲ. ಮೈಸೂರಿನಲ್ಲಿ ಒಬ್ಬರು ಮಾರ್ಕ್ಸಿಗಾಗಿ ಕಾಯುತ್ತಿದ್ದರು. ಕಳಿಸಲು ಮಾರ್ಕ್ಸೇ ಇರಲಿಲ್ಲ.

ನನ್ನ ಗಂಡ ಪ್ರಾಜೆಕ್ಟಿನ ಮೇಲೆ ವಾರವೆಲ್ಲ ಸ್ಟುಟ್‌ಗಾರ್ಟ್‌ನಲ್ಲಿರುತ್ತಾರೆ. ಶುಕ್ರವಾರ ಬಂದವರು ಎಲ್ಲ ಕೇಳಿ ಸೋಫಾದಲ್ಲಿ ಕುಸಿದರು. 'ಅಣ್ಣನ ಹತ್ರ ನಾನು ಮಾತಾಡಲ್ಲ. ನೀನೇ ಹೇಳು. ಎಕ್ಸಾಮ್ ಪೋಸ್ಟ್‌ಪೋನ್ ಆಗಿದೆ ಅಂತ ಹೇಳ್ಬಿಡೋಣ್ವಾ?' ಎಂದರು. ಐವತ್ತು ವರ್ಷದ ಮನುಷ್ಯ, ಅಣ್ಣನೆಂದರೆ ಇವತ್ತಿಗೂ ಪಾಠ ಒಪ್ಪಿಸದ ಹುಡುಗನಂತೆ ನಡುಗುತ್ತಾರೆ. ನಿಜ ಹೇಳಬೇಕೆಂದರೆ ಅವರು ಬಾಯಿಬಿಟ್ಟು ಹೇಳಿದ್ದನ್ನೇ ನಾನು ಮನಸ್ಸಿನಲ್ಲಿ ಎರಡು ದಿನದಿಂದ ಸಾಣೆ ಹಿಡಿಯುತ್ತಿದ್ದೆ. ಸುಳ್ಳು ಹೇಳಿದರೆ ಹುಡುಗಿ ಉಳಿಯುತ್ತಾಳೆ, ನನ್ನ ಮರ್ಯಾದೆಯೂ ಉಳಿಯುತ್ತದೆ.

ಭಾನುವಾರ ಮಧ್ಯಾಹ್ನ ಮೂವರೂ ಊಟದ ಮೇಜಿನ ಸುತ್ತ ಕೂತು ಫೋನು ಮಾಡಿದೆವು. ಸ್ಪೀಕರ್ ಹಾಕಿ ನಡುವೆ ಇಟ್ಟೆವು. ನಾನು ಮಾತು ಶುರುಮಾಡುವ ಮೊದಲೇ ಹುಡುಗಿ ಬಾಯಿ ಹಾಕಿದಳು.

'ಅಪ್ಪಾ, ನಾನು ಎಕ್ಸಾಮ್ ಬರೀಲಿಲ್ಲ. ಇಲ್ಲಿ ನಾವೇ ಹೆಸರು ಕೊಡ್ಬೇಕಿತ್ತು. ಚಿಕ್ಕಮ್ಮ ಹೇಳಿದ್ರು, ನಾನೇ ಮರೆತೆ.'

ನಾನು ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ, ಮೇಜಿನ ಮೇಲಿದ್ದ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ನನ್ನ ಗಂಡ ನಿಟ್ಟುಸಿರು ಬಿಟ್ಟರು. ಅವರ ಪಾಲಿಗೆ ಗಂಡಾಂತರ ಕಳೆದಿತ್ತು.

'ಮರೆತೆ,' ಎಂದರು ಭಾವ. 'ಸರಿ. ಮಾತು ಮಾತೇ ಅಲ್ವಾ. ಟಿಕೆಟ್ ನೋಡ್ತೀನಿ.'

'ಹೂಂ ಅಪ್ಪಾ,' ಎಂದಳು ಹುಡುಗಿ. ಅಷ್ಟು ಮೆತ್ತಗೆ.

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ನಾಲ್ಕು ದಿನ ಅತ್ತು, ವಿಮಾನ ಹತ್ತಿಸಿ, ಪಾಪ ಮರೆವಿನ ಹುಡುಗಿ ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಿದ್ದರು. ಹಾಗೆ ಆಗಿಬಿಡಲಿ ಎಂದು ಒಂದು ಉಸಿರಿನಷ್ಟು ಹೊತ್ತು ನನಗೆ ಅನ್ನಿಸಿದ್ದೂ ಉಂಟು. ನಾಚಿಕೆಯಾಗುತ್ತದೆ, ಆದರೂ ಉಂಟು.

'ಭಾವ,' ಎಂದೆ. 'ಅವ್ಳು ಸುಳ್ಳು ಹೇಳ್ತಿದಾಳೆ. ನಾನು ಹೇಳಿರ್ಲಿಲ್ಲ. ಅವ್ಳು ಫೋನ್ ಮಾಡಿ ಕೇಳಿದ್ಲು, ಏನಾದ್ರೂ ಮಾಡ್ಬೇಕಾ ಅಂತ. ನಾನೇ ಏನೂ ಬೇಡ ಅಂದೆ. ನಂಗೆ ಸುಸ್ತಾಗಿತ್ತು ಭಾವ. ಊರೋರ ಮಕ್ಕಳಿಗೆಲ್ಲ ಹೇಳ್ತೀನಿ, ಇವ್ಳಿಗೆ ಹೇಳ್ಲಿಲ್ಲ.'

ಮೈಸೂರಿನ ಮನೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು.

'ನಂಗೆ ಅನ್ನಿಸ್ತು,' ಎಂದರು ಭಾವ ನಿಧಾನವಾಗಿ. 'ಇವ್ಳು ಕೇಳ್ದೆ ಯಾವತ್ತೂ ಏನೂ ಮಾಡಿದೋಳಲ್ಲ. ಮರೆತೆ ಅಂದಾಗ್ಲೇ ಅನ್ನಿಸ್ತು. ಹಂಗಿದ್ಮೇಲೆ ಹುಡುಗೀದೇನೂ ತಪ್ಪಿಲ್ಲ. ಇನ್ನೊಂದು ಸೆಮಿಸ್ಟರ್ ಇರ್ಲಿ. ಬರೀಲಿ. ನೋಡಮ್ಮ, ಬೇಜಾರ್ ಮಾಡ್ಕೋಬೇಡ. ಇನ್ಮೇಲೆ ಅವ್ಳು ನಿನ್ನನ್ನ ಏನೂ ಕೇಳೋದು ಬೇಡ. ಅವ್ಳದ್ದು ಅವ್ಳೇ ನೋಡ್ಕೊಳ್ಳಲಿ.'

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮರ್ಯಾದೆಯಿಂದ ಹೇಳಿದ್ದು ಎದೆಗೆ ನಾಟಿತು. ಫೋನಿಟ್ಟ ಮೇಲೆ ಹುಡುಗಿ, 'ಯಾಕ್ ಹೇಳಿದ್ರಿ ಚಿಕ್ಕಮ್ಮಾ' ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ಪರೀಕ್ಷಾ ಹಾಲಿನಿಂದ ಆಚೆ ಕಳಿಸಿದಾಗಲೂ ಅಳದವಳು ಆಗ ಅತ್ತಳು. ನಾನೂ ಅತ್ತೆ. ನನ್ನ ಗಂಡ ಎದ್ದುಹೋಗಿ ಪಾತ್ರೆ ತೊಳೆದರು.

ಅಪ್ಪನ ಮಾತನ್ನು ಅವಳು ಅಕ್ಷರಶಃ ಪಾಲಿಸಿದಳು. ಮಾರ್ಚಿನಿಂದ ಅವಳ ಪ್ರಶ್ನೆಗಳು ನಿಂತುಹೋದವು. ವೀಸಾ ನವೀಕರಣಕ್ಕೆ ತಾನೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋಗಿಬಂದಳು. ಜರ್ಮನ್ ಕ್ಲಾಸಿಗೆ ಸೇರಿದಳು. ಭಾನುವಾರದ ಊಟ ಹದಿನೈದು ದಿನಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ. ಬಂದಾಗ ನಗುನಗುತ್ತ ಇರುತ್ತಿದ್ದಳು, ಅಡುಗೆಗೆ ಕೈಜೋಡಿಸುತ್ತಿದ್ದಳು. ಓದಿನ ವಿಷಯ ನಾನಾಗಿ ಎತ್ತಿದರೆ, 'ಎಲ್ಲಾ ಆಗಿದೆ ಚಿಕ್ಕಮ್ಮಾ' ಎನ್ನುತ್ತಿದ್ದಳು. ನನ್ನ ಮೇಜಿನ ಮೇಲೆ ಅವಳ ಹೆಸರಿನ ಲಕೋಟೆಗಳು ಬೀಳುವುದು ನಿಂತಿತು. ಕೆಲಸ ಕಡಿಮೆಯಾಯಿತು ಎಂದು ಹಾಯಾಗಬೇಕಿತ್ತು. ಹಾಗೇನೂ ಆಗಲಿಲ್ಲ.

ಏಪ್ರಿಲ್ಲಿನ ಶನಿವಾರ ತುಮಕೂರಿನ ತಂದೆಯೊಬ್ಬರು ಮಗನ ಪಕ್ಕದಲ್ಲಿ ಕೂತು, 'ಮೇಡಂ, ಅಂಥಾ ದೊಡ್ಡ ಯೂನಿವರ್ಸಿಟೀಲಿ ನಮ್ಮ ಹುಡುಗನ್ನ ಯಾರು ನೋಡ್ಕೋತಾರೆ?' ಎಂದು ಕೇಳಿದರು. ಯಾರೂ ನೋಡಿಕೊಳ್ಳುವುದಿಲ್ಲ, ಅದೇ ಅದರ ವಿಶೇಷ ಎಂದೆ. ತಂದೆ ಪೆಚ್ಚಾದರು. ಶಿವಮೊಗ್ಗದವನು ನಡುವೆ ಬಂದು ಪ್ರಯೋಗಾಲಯಗಳ ಬಗ್ಗೆ ಹೇಳಿ ಮಾತು ತೇಲಿಸಿದ. ಮುಗಿದ ಮೇಲೆ, 'ಯಾಕಕ್ಕಾ, ಹಂಗ್ ಹೆದ್ರಿಸ್ಬಿಟ್ರಲ್ಲ?' ಎಂದ. ಹುಷಾರಿಲ್ಲ ಎಂದೆ.

ಆಗಸ್ಟ್ ಕೊನೆಯ ಒಂದು ಮಂಗಳವಾರ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಭಾವನ ಫೋನು ಬಂತು. ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ನಮ್ಮ ಮದುವೆಯಲ್ಲೂ ಕೇಳಿರಲಿಲ್ಲ.

'ಗೊತ್ತಾಯ್ತಲ್ವೇನಮ್ಮಾ? ನಾಲ್ಕೂ ಪಾಸು! ಎರಡ್ರಲ್ಲಿ ಒಳ್ಳೆ ಗ್ರೇಡು. ನಿನ್ನೆ ಮಧ್ಯಾಹ್ನವೇ ಬಂತಂತೆ ರಿಸಲ್ಟು.'

ಮೂರು ಸ್ಟಾಪಿನಾಚೆ ಇರುವ ಹುಡುಗಿಯ ಸುದ್ದಿ ನನಗೆ ಮೈಸೂರಿನಿಂದ ಬರುತ್ತಿತ್ತು. ಇನ್ನೊಂದು ಚಪ್ಪಲಿ ಕಾಲಲ್ಲೇ ಇತ್ತು.

'ಹೂಂ ಭಾವ,' ಎಂದೆ. 'ನಿನ್ನೇನೇ ಹೇಳಿದ್ಲು.'